ಹೊರದೇಶದಲ್ಲಿ ಪಿಎಚ್‌ಡಿ, ಜೊತೆಗೊಂದು ಕೆಲಸ: ಉತ್ತರ ಕನ್ನಡದಿಂದ ಹೊರಡುವವರಿಗೆ

ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದಿದವರು, ಶಿರಸಿಯ ಅರಣ್ಯ ಕಾಲೇಜಿನಿಂದ ಹೊರಬಂದವರು, ಮಾಜಾಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಒಂದಷ್ಟು ಕಾಲ ದುಡಿದವರು. ನಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಪಿಎಚ್‌ಡಿಗೆ ಹೊರಡುವವರು ಹೆಚ್ಚಾಗಿ ಇಂಥವರೇ. ಎಲ್ಲರೂ ಮೊದಲು ಕೇಳುವುದು ಒಂದೇ: "ಅಲ್ಲಿ ಓದ್ತಾ ಕೆಲಸ ಮಾಡ್ಬಹುದಾ? ವಾರಕ್ಕೆ ಎಷ್ಟು ತಾಸು?"

ಮಾಡಬಹುದು. ತಾಸಿನ ಲೆಕ್ಕವೂ ಮುಂದೆ ಬರುತ್ತದೆ. ಆದರೆ ಅದಕ್ಕೂ ಮೊದಲು ತಿಳಿಯಬೇಕಾದದ್ದು ಬೇರೆ ಇದೆ. ನೀವು ಹೋಗುವ ದೇಶದಲ್ಲಿ ನಿಮ್ಮ ಪಿಎಚ್‌ಡಿಯೇ ಒಂದು ನೌಕರಿಯಾ, ಸ್ಟೈಪೆಂಡ್ ಕೊಟ್ಟು ಓದಿಸುವ ಸೀಟಾ, ಅಥವಾ ನೀವೇ ಫೀಸು ಕಟ್ಟಬೇಕಾ? ಇದು ಗೊತ್ತಾದರೆ ಉಳಿದ ಮುಕ್ಕಾಲು ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಹೆಜ್ಜೆ 1: ಆಫರ್ ಲೆಟರ್ ಓದಿ, ಯಾವ ಬಗೆಯದು ನೋಡಿ

ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲಿ ಬಹಳಷ್ಟು ಪಿಎಚ್‌ಡಿ ಸೀಟುಗಳು ನಿಜಕ್ಕೂ ನೌಕರಿಗಳೇ. ಜಾಹೀರಾತು ಬರುತ್ತದೆ, ಅರ್ಜಿ ಹಾಕುತ್ತೀರಿ, ಸಂದರ್ಶನ ಆಗುತ್ತದೆ, ಕರಾರಿಗೆ ಸಹಿ ಬೀಳುತ್ತದೆ. ಸಂಬಳ, ರಜೆ, ತೆರಿಗೆ ಕಡಿತ ಎಲ್ಲಾ ಇದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಸಂಬಳ ಟಿವಿ-ಎಲ್ ಅನ್ನುವ ಸರ್ಕಾರಿ ವೇತನ ಪಟ್ಟಿಯ ಇ13 ದರ್ಜೆಯದು. ಆದರೆ ಕರಾರಿನಲ್ಲಿ ಶೇಕಡಾ 50 ಅಥವಾ 65 ಎಂದು ಬರೆದಿರುತ್ತದೆ. ಸಂಬಳ ಅಷ್ಟಕ್ಕೆ, ಲ್ಯಾಬಿನಲ್ಲಿ ಕೂರುವುದು ಮಾತ್ರ ಪೂರ್ತಿ ದಿನ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ಪೂರ್ಣಾವಧಿ ನೌಕರಿ ಕೊಡುತ್ತಾರೆ. ಪಾಠ ಹೇಳುವಂಥ ವಿಭಾಗದ ಕೆಲಸ ಗರಿಷ್ಠ ಶೇಕಡಾ 20ರಷ್ಟು ಸೇರಬಹುದು, ಅಷ್ಟು ಕಾಲ ಅವಧಿಯೂ ಮುಂದಕ್ಕೆ ಹೋಗುತ್ತದೆ. ಇಂಥ ಸೀಟು ಸಿಕ್ಕವರಿಗೆ "ಜೊತೆಗೊಂದು ಕೆಲಸ" ಹುಡುಕುವ ಗರಜು ಬರುವುದೇ ಕಡಿಮೆ.

ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳು ಸಾಮಾನ್ಯವಾಗಿ ಫೀಸು ಮಾಫಿ ಮಾಡಿ, ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಕೊಡುತ್ತವೆ. ಅದೇ ನಿಮ್ಮ ಕೆಲಸ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ನೀವು ವಿದ್ಯಾರ್ಥಿಯೇ. ಸ್ಟೈಪೆಂಡ್ ಸಿಕ್ಕರೆ ಆರಾಮ, ಸಿಗದಿದ್ದರೆ ಕೈಯಿಂದ ಹಾಕಬೇಕು. ಬ್ರಿಟನ್ನಿನ ಸರ್ಕಾರಿ ಸಂಶೋಧನಾ ನಿಧಿಯಾದ ಯುಕೆಆರ್‌ಐ ಕೊಡುವ ಕನಿಷ್ಠ ಸ್ಟೈಪೆಂಡ್ 2025-26ರಲ್ಲಿ ವರ್ಷಕ್ಕೆ 20,780 ಪೌಂಡ್. ಹೊರದೇಶದವರಿಗೆ ಅದರಲ್ಲಿ ಸಿಗುವುದು ಹೆಚ್ಚೆಂದರೆ ಶೇಕಡಾ 30 ಸೀಟು. ಹಾಗಾಗಿ ಅಲ್ಲಿ ಪೈಪೋಟಿ ಜಾಸ್ತಿ.

ಹೆಜ್ಜೆ 2: "ಅಲ್ಲಿ ಹೋಗಿ ದುಡಿದು ಫೀಸು ಕಟ್ತೇನೆ" ಅನ್ನುವ ಲೆಕ್ಕ ಬಿಡಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬ್ರಿಟನ್ನಿನ ಉದಾಹರಣೆಯನ್ನೇ ಹಿಡಿಯಿರಿ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಕನಿಷ್ಠ ಕೂಲಿ, 21 ವರ್ಷ ದಾಟಿದವರಿಗೆ, ತಾಸಿಗೆ 12.21 ಪೌಂಡ್. ವಾರಕ್ಕೆ 20 ತಾಸು, ವರ್ಷದ 52 ವಾರವೂ ಬಿಡದೆ ದುಡಿದರೂ 12,700 ಪೌಂಡಿನ ಆಸುಪಾಸು. ವಿಜ್ಞಾನದ ಪಿಎಚ್‌ಡಿಗೆ ಹೊರದೇಶದವರ ಫೀಸು ವರ್ಷಕ್ಕೆ 20 ಸಾವಿರ ಪೌಂಡ್ ದಾಟುವುದು ಅಲ್ಲಿ ಮಾಮೂಲು. ಫೀಸಿಗೇ ಸಾಲದು, ಇನ್ನು ರೂಮಿನ ಬಾಡಿಗೆ, ಊಟ ಎಲ್ಲಿಂದ? ಪಾರ್ಟ್‌ಟೈಮ್ ಕೆಲಸ ಕೈಖರ್ಚಿಗೆ ಆಗುತ್ತದೆ, ವಿಮಾನದ ಟಿಕೆಟ್ಟಿಗೆ ಆಗುತ್ತದೆ. ಫೀಸಿಗೆ ಆಗುವುದಿಲ್ಲ. ಏಜೆಂಟರು ಏನೇ ಹೇಳಲಿ, ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ನೀವೇ ಮಾಡಿ ನೋಡಿ.

ಸಾಲದ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಕಡೆ ಮನೆಯವರು ಮೊದಲು ಯೋಚಿಸುವುದು ಅಡಿಕೆ ತೋಟವನ್ನು. ಆದರೆ ಶೈಕ್ಷಣಿಕ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಹಿಡಿಯುವುದಿಲ್ಲ. ಮನೆ, ಎನ್‌ಎ (ಕೃಷಿಯೇತರ) ಆದ ಸೈಟು, ಎಫ್‌ಡಿ ಕೇಳುತ್ತವೆ. ಸಾಮಾನ್ಯ ಪದ್ಧತಿಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ಅದರ ಮೇಲೆ ಬೇಕು. ಪಿಎಚ್‌ಡಿ ಅಂದರೆ ನಾಲ್ಕೈದು ವರ್ಷ. ಕಂತು ಆಮೇಲೆ ಶುರುವಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಎರಡು ವರ್ಷದ ಎಂಎಸ್‌ಗೆ ಸಾಲ ಮಾಡುವುದು ಬೇರೆ, ಇದು ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ಫೀಸು ಮಾಫಿಯೂ ಸ್ಟೈಪೆಂಡೂ ಇಲ್ಲದ ಪಿಎಚ್‌ಡಿಗೆ ಹೋಗುವ ಬದಲು ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕುವುದೇ ಲೇಸು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಲೇಬೇಕು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದವರು ಪರಿಶಿಷ್ಟ ಪಂಗಡದಲ್ಲಿದ್ದಾರೆ, ಅವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆ ಇದೆ. ಇಂಥ ಸ್ಕಾಲರ್‌ಶಿಪ್ ಸಿಕ್ಕಮೇಲೆ ಬೇರೆ ದುಡಿಮೆಗೆ ಏನು ಮಿತಿ ಇದೆ ಅನ್ನುವುದನ್ನು ಯೋಜನೆಯ ನಿಯಮದಲ್ಲೇ ಓದಿ. ವೀಸಾದ ಮಿತಿ ಒಂದು, ದುಡ್ಡು ಕೊಡುವವರ ಮಿತಿ ಇನ್ನೊಂದು.

ಹೆಜ್ಜೆ 3: ತಾಸಿನ ಲೆಕ್ಕ, ದೇಶಕ್ಕೊಂದು

ಅಮೆರಿಕದ ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ತಾಸು. ರಜೆಯಲ್ಲಿ ಪೂರ್ತಿ. ಇಲ್ಲಿ ಸುಮಾರು ಜನ ಎಡವುವುದು ಒಂದು ಕಡೆ: ಅಸಿಸ್ಟೆಂಟ್‌ಶಿಪ್ಪೇ 20 ತಾಸಿನದಾದರೆ ನಿಮ್ಮ ಪಾಲು ಅಲ್ಲಿಗೆ ಮುಗಿಯಿತು. ಲೈಬ್ರರಿಯಲ್ಲಿ ಇನ್ನೊಂದು ಐದು ತಾಸು ಸೇರಿಸುವಂತಿಲ್ಲ. ಕ್ಯಾಂಪಸ್ಸಿನ ಹೊರಗೆ ಕೆಲಸ ಬೇಕೆಂದರೆ ಸಿಪಿಟಿ ಅನ್ನುವ ಅನುಮತಿ ಬೇಕು. ಕೆಲಸ ನಿಮ್ಮ ಕೋರ್ಸಿನ ಭಾಗವಾಗಿರಬೇಕು. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕು. ಕೆಲಸ ಶುರುವಾಗುವ ಮೊದಲೇ ಅದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ನಮೂದಾಗಿರಬೇಕು. ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಅಥವಾ ಜಾಸ್ತಿ ಬಳಸಿದರೆ ಆ ಪದವಿಯ ಮೇಲಿನ ಓಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ದುಡಿಯುವ ಅನುಮತಿ, ಕೈತಪ್ಪುತ್ತದೆ. ಬೇಸಿಗೆ ಇಂಟರ್ನ್‌ಶಿಪ್ ಮೂರು ಮೂರು ತಿಂಗಳಂತೆ ನಾಲ್ಕು ಸಲ ಮಾಡುವ ಯೋಜನೆ ಇರುವವರು ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಬ್ರಿಟನ್ನಿನಲ್ಲಿ ಪದವಿ ಮಟ್ಟದ ಮತ್ತು ಅದಕ್ಕಿಂತ ಮೇಲಿನ ವಿದ್ಯಾರ್ಥಿಗೆ ವಾರಕ್ಕೆ 20 ತಾಸು. ವಾರ ಅಂದರೆ ಸೋಮವಾರದಿಂದ ಭಾನುವಾರ. ಎರಡು ವಾರದ ಸರಾಸರಿ ಹಿಡಿಯುವ ಹಾಗಿಲ್ಲ. ಎಂಎಸ್ಸಿ ಹುಡುಗರ ಮಾತು ಕೇಳಿ "ಬೇಸಿಗೆ ರಜೆಯಲ್ಲಿ ಪೂರ್ತಿ ಮಾಡ್ಬಹುದು" ಅಂದುಕೊಳ್ಳಬೇಡಿ. ಪಿಎಚ್‌ಡಿಯವರಿಗೆ ಆ ಬೇಸಿಗೆ ರಜೆ ಇಲ್ಲ. ಗೈಡ್ ಒಪ್ಪಿ ವಿಶ್ವವಿದ್ಯಾಲಯ ದಾಖಲಿಸಿದ ವಾರ್ಷಿಕ ರಜೆ ಮಾತ್ರ ರಜೆ. ಸಂಬಳ ಕೊಟ್ಟು ಪಾಠ ಹೇಳಿಸಿಕೊಂಡರೆ ಆ ತಾಸುಗಳೂ ಇಪ್ಪತ್ತರೊಳಗೇ ಬರುತ್ತವೆ.

ಆಸ್ಟ್ರೇಲಿಯಾ ಈ ವಿಷಯದಲ್ಲಿ ಉದಾರಿ. ಬೇರೆ ವಿದ್ಯಾರ್ಥಿಗಳಿಗೆ 2023ರ ಜುಲೈನಿಂದ ಎರಡು ವಾರಕ್ಕೆ 48 ತಾಸಿನ ಮಿತಿ. ಪಿಎಚ್‌ಡಿಯವರಿಗೆ ಕೋರ್ಸು ಶುರುವಾದ ಮೇಲೆ ವೀಸಾದ ಕಡೆಯಿಂದ ಮಿತಿಯೇ ಇಲ್ಲ. ಖುಷಿ ಪಡುವ ಮೊದಲು ಸ್ಕಾಲರ್‌ಶಿಪ್ ಕಾಗದ ತೆರೆಯಿರಿ. ವೀಸಾ ಬಿಟ್ಟದ್ದನ್ನು ಹಲವು ವಿಶ್ವವಿದ್ಯಾಲಯಗಳು ಅಲ್ಲಿ ಬಿಗಿ ಮಾಡಿರುತ್ತವೆ.

ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ತಾಸು. ಜಪಾನಿನಲ್ಲಿ ಪ್ರತ್ಯೇಕ ಅನುಮತಿ ಪಡೆದು 28 ತಾಸು. ಜರ್ಮನಿಯಲ್ಲಿ ವಿದ್ಯಾರ್ಥಿ ಪರವಾನಗಿಯವರಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ನೌಕರಿಯ ಪರವಾನಗಿ ಮೇಲೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಕಾರ್ಡಿನ ಜೊತೆ ಕೊಡುವ ಹಾಳೆಯಲ್ಲಿ ಏನು ಬರೆದಿದೆಯೋ ಅದೇ ನಿಯಮ. ಬೇರೊಂದು ಸಣ್ಣ ಕೆಲಸ ಹಿಡಿಯುವ ಮೊದಲು ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗಕ್ಕೆ ತಿಳಿಸಲೂ ಬೇಕು.

ಈ ಅಂಕಿಗಳು ಮೇಲೆ ಕೆಳಗೆ ಆಗುತ್ತಿರುತ್ತವೆ. ಹೊರಡುವ ವಾರ ಆಯಾ ದೇಶದ ವಲಸೆ ಇಲಾಖೆಯ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿ.

ಹೆಜ್ಜೆ 4: ಕೆಲಸದಂತೆ ಕಾಣದ ಕೆಲಸಗಳು

ಕಾಫಿ ಅಂಗಡಿಯಲ್ಲಿ ನಿಂತರೆ ಅದು ಕೆಲಸ ಅಂತ ಎಲ್ಲರಿಗೂ ಗೊತ್ತು. ತೊಂದರೆ ಬರುವುದು ಉಳಿದವುಗಳಲ್ಲಿ.

ಬೆಂಗಳೂರಿನ ಹಳೇ ಕಂಪನಿ "ದಿನಕ್ಕೆ ಎರಡು ತಾಸು ಆನ್‌ಲೈನ್ ಮಾಡಿಕೊಡು, ಸಂಬಳ ಇಲ್ಲಿನ ಖಾತೆಗೇ ಹಾಕ್ತೇವೆ" ಅನ್ನುತ್ತದೆ. ದುಡ್ಡು ಬೀಳುವುದು ಭಾರತದಲ್ಲಾದರೂ ನೀವು ಕೂತು ದುಡಿಯುವುದು ಆ ದೇಶದಲ್ಲಿ. ಅದೂ ಕೆಲಸವೇ ಎಂದು ಹಿಡಿದುಕೊಳ್ಳಿ. ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಇಮೇಲಿನಲ್ಲಿ ಒಪ್ಪಿಗೆ ಬರುವವರೆಗೆ ಕೈಹಾಕಬೇಡಿ.

ತೊಡೆದೇವು ಮಾಡುವ ಯೂಟ್ಯೂಬ್ ಚಾನೆಲ್ ಇದೆ, ಜಾಹೀರಾತಿನ ದುಡ್ಡು ಬರುತ್ತದೆ ಅನ್ನಿ. ಅಮೆರಿಕದ ಎಫ್-1 ಅಥವಾ ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಅದು ಸ್ವಂತ ದಂಧೆ ಎಂದು ಎಣಿಕೆಯಾಗುವ ಅಪಾಯ ಇದೆ. ಊಟ ತಲುಪಿಸುವ ಆ್ಯಪ್‌ಗಳ ಕೆಲಸವೂ ಹಾಗೆಯೇ: ನೀವು ಕಂಪನಿಯ ನೌಕರರಲ್ಲ, ಸ್ವಂತ ವ್ಯವಹಾರ ಮಾಡುವವರು. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯವಹಾರ ಪೂರ್ತಿ ನಿಷೇಧ. ಗೆಳೆಯನ ಹೆಸರಿನ ಖಾತೆಯಲ್ಲಿ ಓಡಿಸುವುದು ಇನ್ನೂ ಕೆಟ್ಟದ್ದು.

ಇನ್ನು ಹೋಟೆಲಿನಲ್ಲಿ ಕ್ಯಾಶ್ ಕೈಗೆ ಕೊಡುವ ಕೆಲಸ. "ನಮ್ಮವರೇ, ಏನೂ ಆಗಲ್ಲ" ಅನ್ನುತ್ತಾರೆ. ಅಮೆರಿಕದಲ್ಲಿ ಅನುಮತಿ ಇಲ್ಲದ ದುಡಿಮೆ ಸಿಕ್ಕಿಬಿದ್ದರೆ ವಿದ್ಯಾರ್ಥಿ ಸ್ಥಾನಮಾನವೇ ಹೋಗುತ್ತದೆ. ಮುಂದೆ ಯಾವ ವೀಸಾ ಅರ್ಜಿ ಹಾಕಿದರೂ ಅದು ಹಿಂಬಾಲಿಸುತ್ತದೆ. ನಾಲ್ಕು ವರ್ಷದ ಸಂಶೋಧನೆಯನ್ನು ಒಂದು ಸಂಜೆಯ ಕೂಲಿಗೆ ಪಣಕ್ಕಿಡುವುದು ಯಾವ ಲೆಕ್ಕ?

ಹೆಜ್ಜೆ 5: ಕಾಗದಪತ್ರ, ಮಳೆಗಾಲಕ್ಕೆ ಮುಂಚೆ

ಹೆಸರು ಮೊದಲು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಬರೀ ಹೆಸರು ಮತ್ತು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿ ಉದ್ದ. ಹೆಗಡೆ, ಭಟ್ಟ, ನಾಯ್ಕ, ಗೌಡ ಅನ್ನುವುದಕ್ಕೆ ಒಂದೊಂದು ದಾಖಲೆಯಲ್ಲಿ ಒಂದೊಂದು ಇಂಗ್ಲಿಷ್ ಸ್ಪೆಲ್ಲಿಂಗ್. ಇಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಸಂಬಳದ ವಿಭಾಗ, ಬ್ಯಾಂಕು, ತೆರಿಗೆ ಸಂಖ್ಯೆ ಮೂರೂ ಕಡೆ ಒಂದೇ ಹೆಸರು ಬೇಕು. ಇಲ್ಲದಿದ್ದರೆ ಮೊದಲ ಸಂಬಳ ತಡವಾಗುತ್ತದೆ. ಪಾಸ್‌ಪೋರ್ಟಿನ ಸ್ಪೆಲ್ಲಿಂಗನ್ನೇ ಎಲ್ಲಾ ಕಡೆ ಬಳಸಿ. ವ್ಯತ್ಯಾಸ ಇದ್ದರೆ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್‌ಗೆ ಕರ್ನಾಟಕ ವಿವಿಯವರು ಧಾರವಾಡಕ್ಕೆ, ವಿಟಿಯುನವರು ಬೆಳಗಾವಿಗೆ ಅರ್ಜಿ ಹಾಕಬೇಕು. ಆಗಸ್ಟ್–ಸೆಪ್ಟೆಂಬರಿನಲ್ಲಿ ಶುರುವಾಗುವ ಕೋರ್ಸಿಗೆ ವೀಸಾ ಓಡಾಟ ಸರಿಯಾಗಿ ಜೂನ್–ಜುಲೈನಲ್ಲಿ ಬೀಳುತ್ತದೆ, ನಮ್ಮಲ್ಲಿ ಮಳೆ ಹೊಡೆಯುವ ಹೊತ್ತಿಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ (ಎನ್‌ಎಚ್-66) ದಿನಗಟ್ಟಲೆ ಬಂದ್ ಇತ್ತು. ಬೆಂಗಳೂರಲ್ಲಿ ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ರಾತ್ರಿಯ ಬಸ್ಸನ್ನೇ ನಂಬಬೇಡಿ. ಒಂದು ದಿನ ಮುಂಚೆ ಹೋಗಿ ಕೂರಿ. ಎಲ್ಲ ದಾಖಲೆ ಮೇ ತಿಂಗಳಲ್ಲೇ ಸ್ಕ್ಯಾನ್ ಆಗಿರಲಿ. ನಿಮ್ಮ ಭಾರತದ ಸಿಮ್ ಚಾಲ್ತಿಯಲ್ಲಿಟ್ಟು ರೋಮಿಂಗ್ ಹಾಕಿಸಿಕೊಳ್ಳಿ. ಓಟಿಪಿಯನ್ನು ಮನೆಯವರ ಮೊಬೈಲಿಗೆ ಬಿಟ್ಟರೆ, ಕರೆಂಟು ಹೋಗಿ ಟವರ್ ಮಲಗಿದ ದಿನವೇ ಅದು ಬೇಕಾಗುತ್ತದೆ.

ಅಲ್ಲಿ ಇಳಿದ ಮೇಲೆ ತೆರಿಗೆ ಅಥವಾ ಸಾಮಾಜಿಕ ಭದ್ರತಾ ಸಂಖ್ಯೆಗೆ ಅರ್ಜಿ ಹಾಕಿ. ಅಮೆರಿಕದಲ್ಲಿ ಎಸ್‌ಎಸ್‌ಎನ್, ಕೆನಡಾದಲ್ಲಿ ಎಸ್‌ಐಎನ್, ಆಸ್ಟ್ರೇಲಿಯಾದಲ್ಲಿ ಟಿಎಫ್‌ಎನ್.

ಹೆಜ್ಜೆ 6: ಗೈಡ್ ಹತ್ತಿರ ಬಾಯಿಬಿಟ್ಟು ಮಾತಾಡಿ

ನಮ್ಮ ಹುಡುಗರು ಸಂಕೋಚ ಪಡುವುದು ಇಲ್ಲೇ. ಇಲ್ಲಿ ಗೈಡ್ ಅಂದರೆ ಎದ್ದು ನಿಂತು ಅಭ್ಯಾಸ. ಅಲ್ಲಿ ಹೆಸರು ಹಿಡಿದೇ ಕರೆಯಿರಿ ಅನ್ನುತ್ತಾರೆ. ಹಾಗೆಂದು ಅವರು ಎಲ್ಲಕ್ಕೂ ಹ್ಞೂಂ ಅನ್ನುತ್ತಾರೆ ಅಂದುಕೊಳ್ಳಬೇಡಿ. ಹೊರಗಿನ ಕೆಲಸ ಹಿಡಿದ ಸುದ್ದಿ ಬೇರೆಯವರ ಬಾಯಿಂದ ಗೈಡಿಗೆ ತಲುಪಿದರೆ ಸಂಬಂಧ ಕೆಡುತ್ತದೆ. ಸೀಟು ಒಪ್ಪಿಕೊಳ್ಳುವ ಮೊದಲೇ ಇಷ್ಟು ಕೇಳಿ: ದುಡ್ಡು ಎಷ್ಟು ವರ್ಷಕ್ಕೆ ಖಾತ್ರಿ? ಬೇಸಿಗೆಯ ಮೂರು ತಿಂಗಳಿಗೂ ಇದೆಯಾ? ಪ್ರಾಜೆಕ್ಟ್ ಹಣ ಮಧ್ಯದಲ್ಲಿ ನಿಂತರೆ ಏನು? ಇಂಟರ್ನ್‌ಶಿಪ್‌ಗೆ ಬಿಡುತ್ತೀರಾ?

ಬೇಸಿಗೆಯ ಪ್ರಶ್ನೆ ಮರೆಯಬೇಡಿ. ಅಮೆರಿಕದಲ್ಲಿ ಒಂಬತ್ತು ತಿಂಗಳಿಗೆ ಮಾತ್ರ ಸ್ಟೈಪೆಂಡ್ ಕೊಡುವ ವಿಭಾಗಗಳಿವೆ. ಅದೇ ಗೈಡಿನ ಹಳೇ ವಿದ್ಯಾರ್ಥಿಗಳಿಗೆ ಒಂದು ಇಮೇಲ್ ಹಾಕಿ ಕೇಳುವುದು ಇನ್ನೂ ಒಳ್ಳೆಯದು. ಅವರು ನಿಜ ಹೇಳುತ್ತಾರೆ.

ಹೆಜ್ಜೆ 7: ಯಾವ ಕೆಲಸ, ಯಾವಾಗ

ಮೊದಲ ಸೆಮಿಸ್ಟರಿನಲ್ಲಿ ಬೇಡವೇ ಬೇಡ. ಹೊಸ ಊರು, ಚಳಿ, ಸ್ವಂತ ಅಡಿಗೆ, ತರಗತಿ, ಇಷ್ಟೇ ಸಾಕಷ್ಟಾಗುತ್ತದೆ. ಆಮೇಲೆ ಹುಡುಕುವಾಗ ಪಿಎಚ್‌ಡಿಗೆ ಹತ್ತಿರ ಇರುವುದನ್ನೇ ಹುಡುಕಿ: ಪಾಠ ಹೇಳುವುದು, ಉತ್ತರ ಪತ್ರಿಕೆ ತಿದ್ದುವುದು, ಅಂಕಿಅಂಶ ವಿಭಾಗದ ಸಹಾಯ ಕೌಂಟರ್, ಮ್ಯೂಸಿಯಂ, ಲೈಬ್ರರಿ. ಅಂಗಡಿಯಲ್ಲಿ ನಿಲ್ಲುವ ಕೆಲಸಕ್ಕಿಂತ ಇಲ್ಲಿ ತಾಸಿಗೆ ಒಂದೆರಡು ಡಾಲರ್ ಕಡಿಮೆ ಸಿಕ್ಕರೂ ನಡೆಯುತ್ತದೆ. ಪಾಠ ಹೇಳಿದ ಅನುಭವವನ್ನು ಮುಂದೆ ಬಯೋಡೇಟಾದಲ್ಲಿ ಬರೆಯಬಹುದು, ಡಬ್ಬಿ ಜೋಡಿಸಿದ್ದನ್ನು ಬರೆಯಲಾಗುವುದಿಲ್ಲ.

ನಿಮ್ಮ ವಿಷಯದ ಸ್ವಭಾವವನ್ನೂ ನೋಡಿ. ಸಮುದ್ರದ ಸ್ಯಾಂಪಲ್ ತೆಗೆಯುವವರಿಗೆ ಉಬ್ಬರ ಇಳಿತವೇ ಯಜಮಾನ. ಇಳಿತ ಬೆಳಗಿನ ನಾಲ್ಕಕ್ಕಿದ್ದರೆ ನಾಲ್ಕಕ್ಕೇ ನೀರಿಗಿಳಿಯಬೇಕು. ಅಂಥವರು ದಿನ, ಹೊತ್ತು ಗೊತ್ತುಮಾಡಿದ ಕೆಲಸ ಹಿಡಿದರೆ ಎರಡೂ ಕೆಡುತ್ತವೆ. ಕಂಪ್ಯೂಟರಿನಲ್ಲಿ ಮಾಡೆಲ್ ಓಡಿಸುವವರಿಗೆ ಆ ತಾಪತ್ರಯ ಕಡಿಮೆ. ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಇದ್ದವರಿಗೆ ಪರೀಕ್ಷೆಯ ವಾರಗಳಲ್ಲಿ ಪೇಪರಿನ ಕಟ್ಟು ಬರುತ್ತದೆ. ಆ ವಾರಗಳಲ್ಲಿ ಸಂಶೋಧನೆ ನಡೆಯುವುದಿಲ್ಲ ಎಂದೇ ಮೊದಲಿನಿಂದ ಹಿಡಿದು ಉಳಿದ ವಾರಗಳನ್ನು ಜೋಡಿಸಿ.

ಮದುವೆ ಮಾಡಿಯೇ ಕಳಿಸುವ ಯೋಚನೆ ಮನೆಯಲ್ಲಿ ನಡೆದಿದ್ದರೆ ಇದೂ ತಿಳಿದಿರಲಿ. ಅಮೆರಿಕದ ಎಫ್-2 ವೀಸಾದಲ್ಲಿ ಗಂಡನಾಗಲಿ ಹೆಂಡತಿಯಾಗಲಿ ಕೆಲಸ ಮಾಡುವಂತಿಲ್ಲ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಹೆಚ್ಚಿನ ಎಂಎಸ್ಸಿ ವಿದ್ಯಾರ್ಥಿಗಳು ಕುಟುಂಬ ಕರೆದೊಯ್ಯುವಂತಿಲ್ಲ, ಪಿಎಚ್‌ಡಿಯವರು ಕರೆದೊಯ್ಯಬಹುದು, ಬಂದವರು ದುಡಿಯಬಹುದು. ಆಸ್ಟ್ರೇಲಿಯಾದಲ್ಲಿ ಪಿಎಚ್‌ಡಿಯವರ ಸಂಗಾತಿಗೂ ತಾಸಿನ ಮಿತಿ ಇಲ್ಲ. ಇಬ್ಬರಲ್ಲಿ ಒಬ್ಬರು ದುಡಿದರೆ ನಿಮ್ಮ ಪಾರ್ಟ್‌ಟೈಮ್ ಕೆಲಸದ ಮಾತೇ ಬರುವುದಿಲ್ಲ, ಅಲ್ವಾ?

ಹೆಜ್ಜೆ 8: ತೆರಿಗೆ ಮತ್ತು ಊರಿನ ಖಾತೆ

ಅಮೆರಿಕದಲ್ಲಿ ಒಂದು ಡಾಲರ್ ದುಡಿಯದಿದ್ದರೂ ತೆರಿಗೆ ಇಲಾಖೆಗೆ 8843 ಫಾರಂ ಕೊಡಬೇಕು. ಸಂಬಳ ಇದ್ದರೆ ಅನಿವಾಸಿಗಳ ತೆರಿಗೆ ರಿಟರ್ನ್ ಆದ 1040-ಎನ್‌ಆರ್, ಏಪ್ರಿಲ್ 15ರೊಳಗೆ. ಸಾಮಾನ್ಯ ಆ್ಯಪ್‌ಗಳು ಸ್ಥಳೀಯರ 1040 ಫಾರಂ ತುಂಬಿಬಿಡುತ್ತವೆ, ನೋಡಿಕೊಳ್ಳಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶದ ಬಹಳಷ್ಟು ವಿದ್ಯಾರ್ಥಿಗಳಿಗೆ ಇದಿಲ್ಲ. ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತವೂ ಇಲ್ಲ. ಇಂಟರ್ನ್‌ಶಿಪ್ ಕೊಟ್ಟ ಕಂಪನಿ ಗೊತ್ತಿಲ್ಲದೆ ಮುರಿದುಕೊಂಡಿದ್ದರೆ ವಾಪಸ್ ಕೇಳಿ.

ಬ್ರಿಟನ್ನಿನಲ್ಲಿ ಸ್ಟೈಪೆಂಡಿಗೆ ಸಾಮಾನ್ಯವಾಗಿ ತೆರಿಗೆ ಇಲ್ಲ, ಪಾರ್ಟ್‌ಟೈಮ್ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದೂ ವರ್ಷಕ್ಕೆ 12,570 ಪೌಂಡ್ ದಾಟಿದರೆ.

ಊರಿನ ಕಡೆ: ಓದಲು ಹೊರಗೆ ಹೋದವರನ್ನೂ ರಿಸರ್ವ್ ಬ್ಯಾಂಕ್ ಅನಿವಾಸಿ ಎಂದೇ ಪರಿಗಣಿಸುತ್ತದೆ. ಹಾಗಾಗಿ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ, ಅಂದರೆ ಅನಿವಾಸಿಗಳ ಖಾತೆಗೆ, ಬದಲಿಸಿ. ಅಲ್ಲಿಂದ ದುಡ್ಡು ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ. ಹೊರಟ ಮೊದಲ ವರ್ಷದ ಆದಾಯ ತೆರಿಗೆ ಸ್ವಲ್ಪ ಗೋಜಲು. ಆಗಸ್ಟ್‌ನಲ್ಲಿ ವಿದ್ಯಾರ್ಥಿಯಾಗಿ ಹೊರಟರೆ ಆ ವರ್ಷ ನೀವು ನಿವಾಸಿಯಾಗಿಯೇ ಉಳಿಯಬಹುದು, ಆಗ ಅಲ್ಲಿನ ಆದಾಯವನ್ನೂ ಇಲ್ಲಿ ತೋರಿಸಬೇಕು. ನೌಕರಿಗೆಂದು ಹೊರಟವರಿಗೆ ನಿಯಮ ಬೇರೆ. ಶಿರಸಿಯಲ್ಲೋ ಕಾರವಾರದಲ್ಲೋ ಒಬ್ಬ ಸಿಎ ಹತ್ತಿರ ಕರಾರು ಪತ್ರ ತೋರಿಸಿ ಕೇಳಿ.

ಹೆಜ್ಜೆ 9: ಸಂಶೋಧನೆಯ ಕ್ಷೇತ್ರ ಊರಿನಲ್ಲೇ ಇದ್ದರೆ

ಅಘನಾಶಿನಿ ಅಳಿವೆಯ ಮೇಲೋ ಶಿರಸಿಯ ಕಾನಿನ ಮೇಲೋ ಹೊರದೇಶದಲ್ಲಿ ಪಿಎಚ್‌ಡಿ ಮಾಡುವವರಿಗೆ ಎರಡು ಮಾತು. ಕ್ಷೇತ್ರಕಾರ್ಯಕ್ಕೆ ಬಂದಿರುವ ತಿಂಗಳುಗಳಲ್ಲಿ ಸ್ಟೈಪೆಂಡ್ ಮುಂದುವರಿಯುತ್ತದಾ, ವೀಸಾಕ್ಕೆ ತೊಂದರೆ ಇಲ್ಲವಾ ಅನ್ನುವುದನ್ನು ಬರಹದಲ್ಲಿ ಪಡೆದೇ ವಿಮಾನ ಹತ್ತಿ. ಎರಡನೆಯದು, 2002ರ ಜೀವವೈವಿಧ್ಯ ಕಾಯ್ದೆಯ ಮೂರನೇ ಕಲಂ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಅನಿವಾಸಿಯಾದ ಭಾರತೀಯರೂ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ತೆಗೆದುಕೊಳ್ಳಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಅಜ್ಜನ ಬೆಟ್ಟದ ಎಲೆಯೇ ಆದರೂ ಸರಿ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇರೆ. ಇವೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತವೆ, ಮೊದಲ ವರ್ಷವೇ ಅರ್ಜಿ ಹಾಕಿ.

ಹೆಜ್ಜೆ 10: ಕೊನೆಯ ವರ್ಷ

ಥೀಸಿಸ್ ಬರೆಯುವ ಹೊತ್ತಿಗೆ ಸ್ಟೈಪೆಂಡ್ ಮುಗಿಯುತ್ತದೆ, ಕೆಲಸದ ಆಸೆ ಆಗಲೇ ಜಾಸ್ತಿಯಾಗುತ್ತದೆ. ಅದಕ್ಕೇ ಮೂರನೇ ವರ್ಷದಿಂದಲೇ ಐದಾರು ತಿಂಗಳ ಖರ್ಚು ಬೇರೆ ತೆಗೆದಿಡಿ. ಥೀಸಿಸ್ ಮುಗಿಯದೆ ಪೂರ್ಣಾವಧಿ ನೌಕರಿಗೆ ಸೇರಿದರೆ ಆ ಕೊನೆಯ ಅಧ್ಯಾಯ ವರ್ಷಗಟ್ಟಲೆ ಎಳೆಯುತ್ತದೆ.

ಮುಂದಿನ ಪರವಾನಗಿಯ ದಿನಾಂಕಗಳು ಇವು. ಅಮೆರಿಕದಲ್ಲಿ ಕೋರ್ಸು ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದೊಳಗೆ ಓಪಿಟಿಗೆ ಅರ್ಜಿ ಹಾಕಬೇಕು. ಸಿಗುವುದು 12 ತಿಂಗಳು, ವಿಜ್ಞಾನ–ತಂತ್ರಜ್ಞಾನದವರಿಗೆ ಇನ್ನೂ 24. ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಪಿಎಚ್‌ಡಿಯವರಿಗೆ ಮೂರು ವರ್ಷ. ಅದಕ್ಕೆ ವಿದ್ಯಾರ್ಥಿ ವೀಸಾ ಮುಗಿಯುವ ಮುಂಚೆ, ಆ ದೇಶದಲ್ಲಿ ಇರುವಾಗಲೇ ಅರ್ಜಿ ಹೋಗಬೇಕು. ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಭಾರತದ ಜೊತೆಗಿನ ವ್ಯಾಪಾರ ಒಪ್ಪಂದದಿಂದಾಗಿ ನಮ್ಮ ಪಿಎಚ್‌ಡಿಯವರಿಗೆ ನಾಲ್ಕು ವರ್ಷದವರೆಗೆ ಸಿಗುತ್ತದೆ. ಥೀಸಿಸ್ ಸಲ್ಲಿಸಿದ ಖುಷಿಯಲ್ಲಿ ಊರಿನ ಟಿಕೆಟ್ ತೆಗೆಯುವ ಮೊದಲು ಈ ಅರ್ಜಿಯ ರಸೀದಿ ಕೈಯಲ್ಲಿದೆಯಾ, ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅಂತಾರಾಷ್ಟ್ರೀಯ ಕಚೇರಿಯಲ್ಲಿ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ತೀರ್ಮಾನ ಬರುವ ಮುಂಚೆ ಹೊರಬಿದ್ದರೆ ಅರ್ಜಿಯನ್ನೇ ಹಿಂತೆಗೆದುಕೊಂಡಂತೆ ಆಗುತ್ತದೆ.